ಮೊರಾನ್-ಸೋಲ್ನಿಯೆ 406: ಕಾಲ ತಪ್ಪಿದ ವಿಮಾನ

ಯಂತ್ರವೊಂದರ ಯೋಗ್ಯತೆಯನ್ನು ನಿರ್ಣಯಿಸುವಾಗ ಅದು ಏನು ಮಾಡಬಲ್ಲುದೆಂಬುದರಷ್ಟೇ, ಯಾವಾಗ ಕೈಗೆ ಬಂತೆಂಬುದೂ ಮುಖ್ಯ. ಎರಡು ಮಹಾಯುದ್ಧಗಳ ನಡುವೆ ಫ್ರಾನ್ಸಿನಲ್ಲಿ ರೂಪುಗೊಂಡ ಮೊರಾನ್-ಸೋಲ್ನಿಯೆ 406 ಎಂಬ ಕಾಳಗದ ವಿಮಾನ ಇದಕ್ಕೆ ನಿದರ್ಶನ.

ಮೊದಲನೆಯ ಮಹಾಯುದ್ಧದ ಬಹುಪಾಲು ಕಾಳಗದ ವಿಮಾನಗಳಿಗೆ ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳಿದ್ದವು. ಅವುಗಳನ್ನು ಬಿಗಿದ ಕಂಬ, ತಂತಿಗಳು ಗಾಳಿಗೆ ಅಡ್ಡಲಾಗಿ ವೇಗವನ್ನು ಕುಂದಿಸುತ್ತಿದ್ದವು. ಈ ತೊಡಕನ್ನು ನೀಗಿಕೊಂಡು, ಒಂದೇ ಜೊತೆ ರೆಕ್ಕೆ, ಮುಚ್ಚಿದ ಚಾಲಕಸ್ಥಾನ ಹಾಗೂ ಮಡಚಿಕೊಳ್ಳುವ ಚಕ್ರಗಳೊಡನೆ ಇದರ ಪೂರ್ವರೂಪವಾದ 405 ಮಾದರಿಯು 1935ರ ಆಗಸ್ಟಿನಲ್ಲಿ ಮೊದಲು ಹಾರಿತು. ಅಂದಿಗೆ ಅದು ಮುಂಚೂಣಿಯ ಯಂತ್ರವೇ ಸರಿ.

ಅದರ ರಚನೆಯಲ್ಲಿ ಹಳತು ಹೊಸತು ಬೆರೆತಿದ್ದವು. ಮೈಹೊದಿಕೆಯ ಬಹುಭಾಗ ಪ್ಲೈವುಡ್ಡಿಗೆ ಅಲ್ಯುಮಿನಿಯಂ ತಗಡನ್ನು ಅಂಟಿಸಿದ್ದು, ಹಿಂಭಾಗಕ್ಕೆ ಬಟ್ಟೆ. 860 ಅಶ್ವಶಕ್ತಿಯ ಹಿಸ್ಪಾನೊ-ಸುಯಿಜಾ ಎಂಜಿನ್ನಿನ ಎರಡು ಸಾಲು ಸಿಲಿಂಡರುಗಳ ನಡುವೆ 20 ಮಿ.ಮೀ. ಫಿರಂಗಿಯನ್ನು ಹುದುಗಿಸಲಾಗಿತ್ತು. ಗುಂಡು ಪ್ರೊಪೆಲ್ಲರಿನ ಗುಂಬದ ಮೂಲಕವೇ ಹೊರಡುತ್ತಿದ್ದುದರಿಂದ ಅದರ ಅಲಗುಗಳಿಗೆ ತಗಲುವ ಭಯವಿರಲಿಲ್ಲ. ಆದರೆ ರೆಕ್ಕೆಗಳಲ್ಲಿದ್ದ ಎರಡು ಮೆಷಿನ್‌ಗನ್ನುಗಳನ್ನು ಬೆಚ್ಚಗಿಡುವ ಏರ್ಪಾಡಿಲ್ಲದೆ, ಎತ್ತರದ ಚಳಿಯಲ್ಲಿ ಅವು ಹೆಪ್ಪುಗಟ್ಟಿ ನಿಂತುಬಿಡುತ್ತಿದ್ದವು.

ಈ ನಡುವೆ 1936ರಲ್ಲಿ ಫ್ರಾನ್ಸಿನ ವಿಮಾನೋದ್ಯಮದ ಬಹುಭಾಗ ರಾಷ್ಟ್ರೀಕರಣಗೊಂಡು, ಕಾರ್ಖಾನೆಗಳ ವ್ಯವಸ್ಥೆಯೇ ಬದಲಾಯಿತು. ತಯಾರಿಕೆ ಭರದಿಂದ ಸಾಗಿದ್ದು 1939ರಲ್ಲಿ. ಮುಂದೆ ಸಾವಿರಕ್ಕೂ ಮಿಕ್ಕಿ ವಿಮಾನಗಳು ಸಿದ್ಧವಾದವು. ಆದರೆ ಅಷ್ಟರಲ್ಲಿ ಪ್ರತಿಸ್ಪರ್ಧಿ ಮುಂದೆ ಸಾಗಿದ್ದ. ಮೊರಾನ್‌ನ ಗರಿಷ್ಠ ವೇಗ ಗಂಟೆಗೆ ಸುಮಾರು 485 ಕಿ.ಮೀ.; ಜರ್ಮನಿಯ ಮೆಸ್ಸರ್‌ಸ್ಮಿಟ್ 109ಇ ಅದಕ್ಕಿಂತ 70 ಕಿ.ಮೀ.ಗೂ ಹೆಚ್ಚು ವೇಗದ್ದು. ವೇಗ ಹೆಚ್ಚಿದ್ದವನು ಕಾಳಗವನ್ನು ತನಗೆ ಬೇಕಾದಾಗ ಆರಂಭಿಸಬಲ್ಲ, ಬೇಡವಾದಾಗ ಬಿಟ್ಟು ಹೋಗಬಲ್ಲ. 1940ರ ಮೇ-ಜೂನ್ ತಿಂಗಳುಗಳಲ್ಲಿ ಈ ಅಂತರದ ಬೆಲೆಯನ್ನು ಅನೇಕ ಚಾಲಕರು ತಮ್ಮ ಪ್ರಾಣದಿಂದ ತೆತ್ತರು. ಅವರ ಶೌರ್ಯದಲ್ಲಿ ಕೊರತೆಯಿರಲಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಇದೇ ವಿಮಾನವನ್ನು ಪಡೆದಿದ್ದ ಫಿನ್ಲೆಂಡ್, 1943ರಲ್ಲಿ ಅದಕ್ಕೆ ವಶಪಡಿಸಿಕೊಂಡ ಸೋವಿಯತ್ ಕ್ಲಿಮೊವ್ ಎಂಜಿನ್ನನ್ನು ಕೂಡಿಸಿತು. ಆ ಎಂಜಿನ್ ಹಿಸ್ಪಾನೊ-ಸುಯಿಜಾದಿಂದಲೇ ಬೆಳೆದುಬಂದುದಾದ್ದರಿಂದ ಹೊಂದಾಣಿಕೆ ಸುಲಭವಾಯಿತು. ಹೊಸ ಚೈತನ್ಯ ಪಡೆದ ಈ ವಿಮಾನಕ್ಕೆ ಫಿನ್ನರು ‘ಗುಮ್ಮ’ ಎಂಬರ್ಥದ ‘ಮೊರ್ಕೊ’ ಎಂಬ ಹೆಸರಿಟ್ಟರು.

ಮೂಲರಚನೆಯಲ್ಲಿ ಸತ್ತ್ವವಿತ್ತೆಂಬುದಕ್ಕೆ ಇದೇ ಸಾಕ್ಷಿ. ಸತ್ತ್ವವಿದ್ದರಷ್ಟೇ ಸಾಲದು, ಅದನ್ನು ಸಕಾಲದಲ್ಲಿ ತಿದ್ದಿ ಬೆಳೆಸುವ ಎಚ್ಚರವೂ ಬೇಕೆಂಬುದು ಈ ಚರಿತ್ರೆಯ ಪಾಠ.