ಇಂದಿನ ಧಮ್ಮ ಚಿಂತನೆ: ಬಿಡಲು ಬಿಡದ ಮಾನ




ಹೋದ ವಾರ ಹತ್ತು ಸಂಯೋಜನಗಳನ್ನು ಓದುವಾಗ ಎಂಟನೆಯದಾದ ‘ಮಾನ’ದ ಹತ್ತಿರ ನಾವೆಲ್ಲ ನಿಂತೆವು. ಕನ್ನಡದಲ್ಲಿ ಮಾನ ಒಳ್ಳೆಯ ಮಾತು. ಮಾನವಂತ ಎಂದರೆ ಹೊಗಳಿಕೆ. ಪಾಲಿಯಲ್ಲಿ ಅದು ಕಳಚಬೇಕಾದ ಸಂಕೋಲೆ. “ಇಷ್ಟು ಕಾಲ ಮಾನ ಕಳಕೊಂಡೇ ಬದುಕಿದ ಜನ ನಾವು. ಈಗ ಸಿಕ್ಕಿರೋದನ್ನೂ ಬಿಡಬೇಕಾ?” ಎಂದು ಅಕ್ಕ ಒಬ್ಬರು ಕೇಳಿದರು. ಅವತ್ತು ನಾನು ಮಾತಾಡಲಿಲ್ಲ. ನನ್ನ ಬಲ ಮೊಣಕೈಗೆ ಆ ಪ್ರಶ್ನೆಯ ಉತ್ತರ ಸ್ವಲ್ಪ ಗೊತ್ತಿತ್ತು. ಅದನ್ನು ಇವತ್ತು ಬರೆಯುತ್ತಿದ್ದೇನೆ.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ. ಕೆಲಸ ಮೈಸೂರಿನಲ್ಲಿ. ಎರಡು ವರ್ಷದ ಹಿಂದೆ ಅಲ್ಲಿನ ಒಂದು ಜಿಮ್‌ನಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಯಲು ಸೇರಿದೆ. ವಾರಕ್ಕೆ ಮೂರು ಸಂಜೆ. ಇದರಲ್ಲಿ ಗುದ್ದುವುದಿಲ್ಲ, ಒದೆಯುವುದಿಲ್ಲ. ಹಿಡಿದು, ಕೆಡವಿ, ನೆಲದ ಮೇಲೆಯೇ ಪಟ್ಟು ಹಾಕಬೇಕು. ಕೈಯ ಕೀಲೋ ಕಾಲಿನ ಕೀಲೋ ಕತ್ತೋ ಪಟ್ಟಿಗೆ ಸಿಕ್ಕಿದರೆ, ಸಿಕ್ಕಿಬಿದ್ದವನು ಎದುರಾಳಿಯ ಮೈಯನ್ನೋ ಮ್ಯಾಟನ್ನೋ ಎರಡು ಮೂರು ಸಲ ತಟ್ಟುತ್ತಾನೆ. ಅದಕ್ಕೆ ‘ಟ್ಯಾಪ್’ ಅನ್ನುತ್ತಾರೆ. ತಟ್ಟಿದ ಕ್ಷಣವೇ ಎದುರಿನವರು ಬಿಡಬೇಕು. ಆಮೇಲೆ ಕೈ ಕುಲುಕಿ ಮತ್ತೆ ಶುರು. ಒಂದು ಸಂಜೆಗೆ ಹತ್ತು ಸಲ ತಟ್ಟುವುದು ಹೊಸಬರಿಗೆ ಮಾಮೂಲು.

ಈ ವಿದ್ಯೆಯ ಬೇರು ಜಪಾನಿನದು. 1882ರಲ್ಲಿ ಜಿಗೊರೊ ಕಾನೊ ಎಂಬ ಮೇಷ್ಟ್ರು ಟೋಕಿಯೊದ ಐಶೋಜಿ ಎಂಬ ಬೌದ್ಧ ದೇಗುಲದಲ್ಲಿ ಹನ್ನೆರಡು ಚಾಪೆಯಷ್ಟು ಜಾಗದಲ್ಲಿ ಜೂಡೋ ಕಲಿಸಲು ಶುರು ಮಾಡಿದರು. ಆ ಶಾಲೆಯಲ್ಲಿ ಪಳಗಿದ ಮಿತ್ಸುಯೊ ಮಯೇಡ 1914ರಲ್ಲಿ ಬ್ರೆಜಿಲ್‌ಗೆ ಹೋದರು. ಅವರಿಂದ ಕಾರ್ಲೋಸ್ ಗ್ರೇಸಿ ಕಲಿತರು. ಮುಂದೆ ಗ್ರೇಸಿ ಸಹೋದರರು ಇದನ್ನು ಬಲಕ್ಕಿಂತ ಸನ್ನೆಯನ್ನು ನಂಬುವ ವಿದ್ಯೆಯಾಗಿ ಬೆಳೆಸಿದರು. ಚಿಕ್ಕ ಮೈಯವರೂ ದೊಡ್ಡ ಮೈಯವರನ್ನು ಕಟ್ಟಿಹಾಕಬಹುದು ಎಂಬುದೇ ಇದರ ಹೆಗ್ಗಳಿಕೆ.

ನಾನು ಸೇರಿದ್ದಕ್ಕೆ ಕಾರಣ ಅಪ್ಪ. ಅಪ್ಪ ಹುಡುಗನಾಗಿದ್ದಾಗ ಒಂದು ಗರಡಿ ಮನೆಯ ಕಿಟಕಿಯಾಚೆ ನಿಂತು ಕುಸ್ತಿ ನೋಡುತ್ತಿದ್ದರಂತೆ. ನಮ್ಮ ಕೇರಿಯವರಿಗೆ ಹೊಸಿಲು ದಾಟುವ ಹಾಗಿರಲಿಲ್ಲ. ಅಪ್ಪನಿಗೆ ಪಟ್ಟುಗಳ ಹೆಸರೆಲ್ಲ ಬಾಯಿಗೆ ಬರುತ್ತವೆ. ಮೈಸೂರು ದಸರಾ ಕುಸ್ತಿ ಅಂದರೆ ಊಟ ಬಿಟ್ಟು ಮಾತಾಡುತ್ತಾರೆ. ಆದರೆ ಗರಡಿಯ ಕೆಮ್ಮಣ್ಣು ಒಂದು ದಿನವೂ ಅವರ ಮೈಗೆ ಹತ್ತಲಿಲ್ಲ. ಜಿಮ್‌ನಲ್ಲಿ ಮೊದಲ ದಿನ ಯಾರೋ ಒಬ್ಬರ ಬೆವರು ನನ್ನ ಮುಖಕ್ಕೆ ಒರೆಸಿಕೊಂಡಾಗ, ನನ್ನ ಬೆವರು ಅವರಿಗೂ ಹತ್ತಿದಾಗ, ಜಾತಿ ಕೇಳದೆ ಅವರು ನಕ್ಕು ಕೈ ಕೊಟ್ಟಾಗ, ನನಗೆ ಅಪ್ಪನ ನೆನಪಾಗಿ ಗಂಟಲು ಕಟ್ಟಿತ್ತು.

ಅದೇ ದಿನ ಮನಸ್ಸಿನಲ್ಲಿ ಒಂದು ಶಪಥವನ್ನೂ ಮಾಡಿಬಿಟ್ಟೆ. ನಮ್ಮವರು ಬಗ್ಗಿದ್ದು ಸಾಕು, ನಾನು ಯಾರಿಗೂ ತಟ್ಟುವುದಿಲ್ಲ ಎಂದು. ಹಲ್ಲು ಕಚ್ಚಿ, ಉಸಿರು ಕಟ್ಟಿ, ಹಿಡಿದ ಬಟ್ಟೆಯನ್ನು ಬಿಡದೆ ಎಳೆಯುತ್ತಿದ್ದೆ. ಎರಡು ನಿಮಿಷಕ್ಕೆ ಮುಂಗೈ ಮರಗಟ್ಟುತ್ತಿತ್ತು. “ಕಲಿಯೋಕೆ ಬಂದಿದ್ದೀಯೋ, ಗೆಲ್ಲೋಕೆ ಬಂದಿದ್ದೀಯೋ?” ಎಂದು ಕೋಚ್ ಎರಡು ಸಲ ಕೇಳಿದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗಸ್ಟ್ ತಿಂಗಳ ಒಂದು ಸಂಜೆ ಕಾಲೇಜು ಓದುವ ಹುಡುಗಿಯೊಬ್ಬಳು ನನಗೆ ಜೋಡಿಯಾದಳು. ನೀಲಿ ಬೆಲ್ಟು. ನನಗಿಂತ ಹದಿನೈದು ಕೆಜಿಯಾದರೂ ಹಗುರ. ನಾನು ಮೇಲಿದ್ದೆ, ಅವಳು ಬೆನ್ನ ಮೇಲೆ ಮಲಗಿದ್ದಳು. ನಮ್ಮ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಇಲ್ಲಿ ಕೆಳಗಿದ್ದವರ ಆಟ ಅಲ್ಲಿಂದಲೇ ಶುರು. ನೋಡನೋಡುತ್ತ ನನ್ನ ಬಲಗೈ ಅವಳ ಎರಡು ಕಾಲಿನ ನಡುವೆ ನೆಟ್ಟಗೆ ಸಿಕ್ಕಿಬಿತ್ತು. ಆರ್ಮ್‌ಬಾರ್. ಅವಳು ಮೆಲ್ಲಗೆ ಒತ್ತಿ, ತಡೆದು, ನನ್ನ ಮುಖ ನೋಡಿದಳು. “ಅಣ್ಣ, ಟ್ಯಾಪ್ ಮಾಡಿ” ಎಂದಳು. ಐದಾರು ಜನ ನೋಡುತ್ತಿದ್ದರು. ನಾನು ತಟ್ಟಲಿಲ್ಲ. ಕೈ ಕಿತ್ತುಕೊಳ್ಳಲು ಜೋರಾಗಿ ತಿರುಗಿದೆ. ಟಕ್ ಎಂದು ಸದ್ದಾಯಿತು. ಅವಳು ಆಗಲೇ ಬಿಟ್ಟಿದ್ದಳು. ಮುರಿದುಕೊಂಡವನು ನಾನೇ.

ಡಾಕ್ಟರು ಆರು ವಾರ ಕೈ ಆಡಿಸಬೇಡ ಎಂದರು. ಅದು ಊರಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ. ಪ್ರತಿವರ್ಷ ನಾನು ರಜೆ ಹಾಕಿ ಹೋಗಿ ಬ್ಯಾರನ್ ಒಳಗೆ ಹತ್ತಿ ಸೊಪ್ಪಿನ ಕಡ್ಡಿ ಏರಿಸುತ್ತಿದ್ದೆ. ಈ ಸಲ ಕೈಗೆ ಪಟ್ಟಿ ಕಟ್ಟಿಕೊಂಡು ಕೆಳಗೆ ನಿಂತೆ. ಅರವತ್ತನಾಲ್ಕು ವರ್ಷದ ಅಪ್ಪ ಮೇಲೆ ಹತ್ತಿದರು. ಅವ್ವ ಕಡ್ಡಿ ಎತ್ತಿ ಕೊಡುತ್ತಿದ್ದಳು. ಆ ರಾತ್ರಿ ಒಲೆಯ ಮುಂದೆ ಕೂತು ಬೆಂಕಿ ಕಾಯುವಾಗ ಅಪ್ಪನಿಗೆ ಎಲ್ಲ ಹೇಳಿದೆ, ಶಪಥದ ಮಾತನ್ನೂ ಸೇರಿಸಿ. ಅಪ್ಪ ಸೌದೆ ಒಳಗೆ ತಳ್ಳಿ, ಬಹಳ ಹೊತ್ತು ಸುಮ್ಮನಿದ್ದು, “ಹಿಡಿಯದ ಕಲ್ತಿದ್ದೀಯ, ಬುಡದ ಕಲ್ತಿಲ್ವಲ್ಲ ಮಗ. ನಂಗಾಗಿದ್ದ ಅವಮಾನಕ್ಕೂ ಆ ಮಗೀಗೂ ಏನ್ಲಾ ಸಂಬಂದ?” ಎಂದರು.

ನನ್ನ ಬಳಿ ಉತ್ತರ ಇರಲಿಲ್ಲ. ಅವಳ ಜಾತಿ ಯಾವುದೋ ನನಗೆ ಗೊತ್ತೇ ಇಲ್ಲ. ಹುಡುಗಿಯ ಕೈಯಲ್ಲಿ ಸೋಲುವುದೇ ಎಂಬ ಗಂಡಸಿನ ಜಂಬ ನನ್ನದು. ಅದಕ್ಕೆ ಅಪ್ಪನ ಅವಮಾನವನ್ನು ಹೊದಿಸಿ, ಸ್ವಾಭಿಮಾನ ಎಂದು ಹೆಸರಿಟ್ಟಿದ್ದೆ.

ಈಗ ಸುತ್ತಕ್ಕೆ ಬರೋಣ. ಮಜ್ಝಿಮ ನಿಕಾಯದ ಮಹಾಸಚ್ಚಕ ಸುತ್ತದಲ್ಲಿ ಭಗವಾನರು ತಮ್ಮ ಹಿಂದಿನ ಸಾಧನೆಯನ್ನು ಹೇಳುತ್ತಾರೆ. ಹಲ್ಲಿಗೆ ಹಲ್ಲು ಕಚ್ಚಿ, ನಾಲಿಗೆಯನ್ನು ಅಂಗುಳಿಗೆ ಒತ್ತಿ, ಬಲಶಾಲಿಯೊಬ್ಬ ದುರ್ಬಲನ ತಲೆಯನ್ನೋ ಭುಜವನ್ನೋ ಹಿಡಿದು ಅದುಮುವಂತೆ ಮನಸ್ಸನ್ನು ಅದುಮಿದರಂತೆ. ಕಂಕುಳಿಂದ ಬೆವರು ಹರಿಯಿತು, ಬೋಧಿ ಸಿಗಲಿಲ್ಲ. ಇದೇ ಹೋಲಿಕೆ ವಿತಕ್ಕಸಂಠಾನ ಸುತ್ತದಲ್ಲೂ ಬರುತ್ತದೆ. ಅಲ್ಲಿ ಕೆಟ್ಟ ಯೋಚನೆ ತಡೆಯುವ ಐದು ಉಪಾಯಗಳಲ್ಲಿ ಅದು ಕಡೆಯದು. ಎಂದರೆ ಬಲಕ್ಕೂ ಜಾಗವಿದೆ, ಆದರೆ ಮೊದಲ ಜಾಗವಲ್ಲ.

ಉಸಿರು ಕಟ್ಟಿ, ಅನ್ನ ಬಿಟ್ಟು, ಮೈ ಎಲುಬಿನ ಗೂಡಾದ ಮೇಲೆ ಸಿದ್ಧಾರ್ಥರಿಗೆ ಇದು ದಾರಿಯಲ್ಲ ಎಂದು ತಿಳಿಯಿತು. ತಿಳಿದ ಮೇಲೆ ಬಿಟ್ಟರು, ಅನ್ನ ಉಂಡರು. ಬಿಟ್ಟದ್ದು ಒಬ್ಬರೇ ಇದ್ದಾಗಲ್ಲ, ಐವರು ಸಂಗಾತಿಗಳ ಕಣ್ಣೆದುರಿಗೇ. ಇವನು ಸುಖಕ್ಕೆ ಜಾರಿದ, ಸೋತ ಎಂದು ಆ ಐವರು ಬೇಸರಪಟ್ಟು ಹೊರಟುಹೋದರು. ನನ್ನ ಹಾಗೆ ‘ನೋಡುವವರು ಏನಂದಾರು’ ಎಂದುಕೊಂಡಿದ್ದರೆ ಅವರು ಆ ಅನ್ನ ಮುಟ್ಟುತ್ತಿರಲಿಲ್ಲ, ನಮಗೆ ಬುದ್ಧರೂ ಸಿಗುತ್ತಿರಲಿಲ್ಲ. ಮುಂದೆ ಇಸಿಪತನದಲ್ಲಿ ಮೊದಲ ಧಮ್ಮೋಪದೇಶ ಕೇಳಿದ್ದು ಅದೇ ಐವರು.

ಅಕ್ಕನ ಪ್ರಶ್ನೆಗೆ ನನಗೆ ತೋಚಿದ್ದು ಇಷ್ಟು. ಮಾನಕ್ಕೆ ಮೂರು ಬಗೆ: ನಾನು ಮೇಲು, ನಾನು ಸಮ, ನಾನು ಕೀಳು. ಕೀಳರಿಮೆಯೂ ಮಾನವೇ ಎಂಬುದು ಗಮನಿಸಬೇಕಾದ ಮಾತು. ಮೂರಕ್ಕೂ ಅಳತೆಗೋಲು ಒಂದೇ, ಪಕ್ಕದಲ್ಲಿ ನಿಂತವನು. ಸ್ವಾಭಿಮಾನಕ್ಕೆ ಆ ಅಳತೆಗೋಲು ಬೇಡ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಕುಡಿದದ್ದು ಯಾರನ್ನೋ ಕೆಳಗೆ ಕೆಡವುವುದಕ್ಕಲ್ಲ, ಮನುಷ್ಯರ ಹಕ್ಕನ್ನು ಹಿಡಿಯುವುದಕ್ಕೆ. ತಟ್ಟಿದರೆ ಬಿಡುವವರ ಮುಂದೆ ತಟ್ಟುವುದು ಕಲಿಕೆ. ಎಷ್ಟು ತಟ್ಟಿದರೂ ಬಿಡದವರ ಮುಂದೆ ಬಗ್ಗುವುದು ಕ್ಷಾಂತಿಯಲ್ಲ. ಅಲ್ಲಿ ಎದ್ದು ನಿಲ್ಲಬೇಕು, ಕಾನೂನು ಹಿಡಿಯಬೇಕು. ಈ ಎರಡು ಜಾಗಗಳನ್ನು ಬೇರೆ ಮಾಡಿ ನೋಡುವುದೇ ಸಮ್ಯಕ್ ದೃಷ್ಟಿ. ನಾನು ಕಲಿಯುವ ಜಾಗವನ್ನು ಗರಡಿಯ ಕಿಟಕಿ ಎಂದುಕೊಂಡು ಕೈ ಮುರಿದುಕೊಂಡೆ.

ಈಗ ಮತ್ತೆ ಹೋಗುತ್ತಿದ್ದೇನೆ. ಆ ತಂಗಿಯ ಹತ್ತಿರ ಕ್ಷಮೆ ಕೇಳಿದೆ. ಹೆದರಿ ಎರಡು ವಾರ ಅವಳೂ ಕ್ಲಾಸಿಗೆ ಬಂದಿರಲಿಲ್ಲವಂತೆ. ನನ್ನ ಮಾನದಿಂದ ನೊಂದವಳು ಅವಳೂ ಹೌದು. ಮೊನ್ನೆ ಅವಳಿಗೆ ನಾಲ್ಕು ಸಲ ತಟ್ಟಿದೆ. ನಾಲ್ಕನೆಯ ಸಲ ಕೈ ಎಲ್ಲಿ ತಪ್ಪಿತು ಎಂದು ಅವಳೇ ತೋರಿಸಿಕೊಟ್ಟಳು. ತಟ್ಟದಿದ್ದಾಗ ಆ ಪಾಠ ಸಿಕ್ಕಿರಲಿಲ್ಲ.

*ಇಂದಿನ ಅಭ್ಯಾಸ*
ಇವತ್ತು ಮನೆಯಲ್ಲೋ ಕೆಲಸದಲ್ಲೋ ಒಂದು ಮಾತಿಗೆ ಹಟ ಹಿಡಿದಿದ್ದೀರಿ ಅನ್ನಿಸಿದರೆ ಮೂರು ಉಸಿರು ನಿಲ್ಲಿ. ದವಡೆ ಬಿಗಿಯಾಗಿದೆಯಾ, ಮುಷ್ಟಿ ಕಟ್ಟಿದೆಯಾ ನೋಡಿ. ‘ನಾನು ಹಿಡಿದಿರುವುದು ಹಕ್ಕನ್ನೋ, ಮಾನವನ್ನೋ?’ ಎಂದು ಕೇಳಿಕೊಳ್ಳಿ. ಹಕ್ಕಾದರೆ ಹಿಡಿದಿರಿ. ಮಾನವಾದರೆ ಮುರಿಯುವ ಮೊದಲು ತಟ್ಟಿಬಿಡಿ.

ಭವತು ಸಬ್ಬ ಮಂಗಲಂ 🙏
ಸಾಧು, ಸಾಧು, ಸಾಧು