ಜಗಲಿಯ ಮೇಲಣ ಹಕ್ಕು: ಸ್ವಗೃಹದಲ್ಲೇ ಬಾಳಬಯಸುವ ಹಿರಿಯರಿಗೆ ಕಾನೂನಿನ ಆಸರೆ

ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂತಹ ಅಡಿಕೆಯ ಸೀಮೆಯಲ್ಲಿ, ತಾನೇ ನೀರೆರೆದು ಬೆಳೆಸಿದ ತೋಟವನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟು, ಪಹಣಿಯಿಂದ ತನ್ನ ಹೆಸರು ಇಳಿದ ದಿನದಿಂದ ತನ್ನ ಮನೆಯ ಜಗಲಿಯ ಮೇಲೆಯೇ ಅತಿಥಿಯಂತೆ ಮುದುರಿ ಕುಳಿತ ವೃದ್ಧೆ ಯಾರಿಗೂ ಅಪರಿಚಿತಳಲ್ಲ. ನೆರೆಹೊರೆಯವರು ಅವಳಿಗೆ ವೃದ್ಧಾಶ್ರಮದ ದಾರಿ ತೋರಿಸುತ್ತಾರೆ. ಅವಳ ಮನಸ್ಸಾದರೋ ಆ ಜಗಲಿಯನ್ನು ಬಿಟ್ಟು ಕದಲದು. ಆ ಹಂಬಲಕ್ಕೆ ಕಾನೂನಿನ ಬೆಂಬಲವಿದೆಯೆಂಬುದನ್ನು ಆಕೆಗೆ ತಿಳಿಯಹೇಳುವವರು ಮಾತ್ರ ವಿರಳ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆಯು, ಸ್ವಂತ ಸಂಪಾದನೆಯಿಂದ ಅಥವಾ ಆಸ್ತಿಯಿಂದ ಜೀವನ ಸಾಗಿಸಲಾರದ ತಂದೆತಾಯಿಗಳಿಗೆ ಮಕ್ಕಳಿಂದಲೂ, ಅರವತ್ತು ತುಂಬಿದ ಸಂತಾನರಹಿತರಿಗೆ ಅವರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಬಂಧುಗಳಿಂದಲೂ ಅನ್ನ, ವಸ್ತ್ರ, ವಸತಿ, ಚಿಕಿತ್ಸೆಗಳ ವೆಚ್ಚವನ್ನು ಮಾಸಾಶನವಾಗಿ ಕೇಳುವ ಹಕ್ಕನ್ನಿತ್ತಿದೆ. ಅರ್ಜಿಯನ್ನು ಸಲ್ಲಿಸಬೇಕಾದುದು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ. ವಯಸ್ಸಿನ ದಾಖಲೆ, ಮಕ್ಕಳ ಹೆಸರು ಮತ್ತು ವಿಳಾಸ, ಆಸ್ತಿಪತ್ರಗಳ ಪ್ರತಿ ಇವಿಷ್ಟನ್ನು ಜೊತೆಗಿರಿಸಿಕೊಂಡರೆ ಕೆಲಸ ಸುಗಮ. ನಡೆದಾಡಲಾರದವರ ಪರವಾಗಿ ಅವರ ಒಪ್ಪಿಗೆ ಪಡೆದ ವ್ಯಕ್ತಿಯಾಗಲಿ ಸಂಸ್ಥೆಯಾಗಲಿ ಅರ್ಜಿ ಕೊಡಬಹುದು. ಮಂಡಳಿ ತಾನಾಗಿಯೂ ವಿಚಾರಣೆಗೆತ್ತಿಕೊಳ್ಳಬಹುದು. ಮಾಸಾಶನದ ಅರ್ಜಿ ನೋಟಿಸು ಜಾರಿಯಾದ 90 ದಿನಗಳೊಳಗೆ ತೀರ್ಮಾನವಾಗಬೇಕು; ವಿಶೇಷ ಕಾರಣವಿದ್ದರೆ ಒಮ್ಮೆ ಮಾತ್ರ ಇನ್ನೂ 30 ದಿನ. ಮಾಸಾಶನದ ಗರಿಷ್ಠ ಮಿತಿ 10,000 ರೂಪಾಯಿ. ತೀರ್ಪು ಒಪ್ಪಿಗೆಯಾಗದ ಹಿರಿಯರು 60 ದಿನಗಳೊಳಗೆ ಜಿಲ್ಲಾಧಿಕಾರಿಗಳ ಮೇಲ್ಮನವಿ ಮಂಡಳಿಯ ಮೊರೆಹೋಗಬಹುದು.

ದಾನಪತ್ರದ ವಿಷಯ ಇನ್ನೂ ಸೂಕ್ಷ್ಮವಾದುದು. ಆರೈಕೆ ಮಾಡುವೆನೆಂಬ ಷರತ್ತಿಗೆ ಒಳಪಟ್ಟು ಆಸ್ತಿ ಪಡೆದವನು ಆ ಮಾತಿಗೆ ತಪ್ಪಿದರೆ, 23ನೆಯ ಕಲಮಿನ ಪ್ರಕಾರ ಆ ವರ್ಗಾವಣೆಯನ್ನು ಮಂಡಳಿ ಅನೂರ್ಜಿತವೆಂದು ಘೋಷಿಸಬಹುದು. ಷರತ್ತು ಇದ್ದುದೇ ಸಿದ್ಧವಾಗದಿದ್ದರೆ ಈ ಕಲಮು ಅನ್ವಯಿಸದೆಂದು 2022ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯವು, 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬಳ ಪ್ರಕರಣದಲ್ಲಿ, ಮಗ ಬರೆದುಕೊಟ್ಟಿದ್ದ ವಚನಪತ್ರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ದಾನಪತ್ರವನ್ನು ರದ್ದುಪಡಿಸಿತು.

ಆದರೆ ಮಾಸಾಶನವೊಂದೇ ಮುಪ್ಪನ್ನು ಕಾಯಲಾರದು; ಸುತ್ತಲಿನ ಸಮುದಾಯವೂ ಕೈಜೋಡಿಸಬೇಕು. ಹಾಸಿಗೆ ಹಿಡಿದ ಹಿರಿಯರ ಮನೆಗೆ ಆರೋಗ್ಯ ಸಿಬ್ಬಂದಿ ಹೋಗಿಬರುವ ವ್ಯವಸ್ಥೆ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿಯೇ ಇರುವುದರಿಂದ, ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವುದು ನೆರೆಯವರ ಕರ್ತವ್ಯ. 65 ದಾಟಿದ ಅರ್ಹರು ಸಂಧ್ಯಾ ಸುರಕ್ಷಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಸಂಕಷ್ಟ ಒದಗಿದಾಗ ಹಿರಿಯರ ಸಹಾಯವಾಣಿ 14567ಕ್ಕೂ, ಕಾನೂನಿನ ನೆರವಿಗೆ 15100ಕ್ಕೂ ಕರೆಮಾಡಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಕೇಳುವ ಹಕ್ಕು ಎಲ್ಲ ಸ್ತ್ರೀಯರಿಗೂ ಉಂಟು.

ಇಷ್ಟೆಲ್ಲ ಓಡಾಟ ತಪ್ಪಬೇಕೆಂದಿದ್ದರೆ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾನಪತ್ರಕ್ಕೆ ಹೆಬ್ಬೆಟ್ಟೊತ್ತುವ ಮುನ್ನವೇ ದಸ್ತಾವೇಜು ಬರಹಗಾರನಿಗೆ ಒಂದು ವಾಕ್ಯ ಬರೆಯಹೇಳಬೇಕು: ‘ನನ್ನ ಕೊನೆಗಾಲದವರೆಗೆ ಇದೇ ಮನೆಯಲ್ಲಿ ನನಗೆ ವಾಸ, ಅನ್ನ, ಔಷಧಗಳನ್ನು ಒದಗಿಸತಕ್ಕದ್ದು.’ ಹೆತ್ತ ಮಗನಲ್ಲಿ ಷರತ್ತೆಂತಹದೆಂದು ಸಂಕೋಚ ಬೇಡ. ಸಾಕುವ ಮನಸ್ಸುಳ್ಳ ಮಗನಿಗೆ ಆ ವಾಕ್ಯ ಭಾರವೆನಿಸದು.