ಹಳೆಯ ಶಸ್ತ್ರಚಿಕಿತ್ಸೆ, ಹೊಸ ಪೆಟ್ಟು: ಕುತ್ತಿಗೆ ಮೂಳೆ ಮುರಿದಾಗ

ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಭತ್ತದ ಸುಗ್ಗಿ ಬಂತೆಂದರೆ ಟ್ರ್ಯಾಕ್ಟರು, ಲಾರಿಗಳ ಓಡಾಟಕ್ಕೆ ಬಿಡುವಿಲ್ಲ. ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಬರುವ ಹೆದ್ದಾರಿಯಲ್ಲೂ ಅದೇ ಗದ್ದಲ. ಇಂಥ ದಿನದಲ್ಲಿ ರೈತರೊಬ್ಬರು ಟ್ರೇಲರಿನ ಮೇಲಿಂದ ಕಾಲು ಜಾರಿ ಬಿದ್ದರೆಂದು ಭಾವಿಸಿ. ಬಿದ್ದದ್ದು ಮೂರೇ ಅಡಿ ಎತ್ತರದಿಂದ. ತಾವೇ ಎದ್ದು ಕುಳಿತರು. ‘ಏನೂ ಆಗಿಲ್ಲ, ಸ್ವಲ್ಪ ಕುತ್ತಿಗಿ ಹಿಡದಂಗ ಆಗೇದ’ ಎಂದರು. ಮನೆಯವರು ಎಣ್ಣೆ ಹಚ್ಚಿ ತಿಕ್ಕಿದರು. ಮೂರನೆಯ ದಿನ ಬೆಳಿಗ್ಗೆ ಕೈ ಜೋಮು ಹಿಡಿದು ಚಹಾದ ಲೋಟ ಜಾರಿತು. ಆರು ವರ್ಷದ ಹಿಂದೆ ಅವರಿಗೆ ಕುತ್ತಿಗೆಯ ಆಪರೇಷನ್ ಆಗಿತ್ತೆಂಬುದು ಆಗ ಎಲ್ಲರಿಗೂ ನೆನಪಾಯಿತು!

ಇದು ಕಲ್ಪಿಸಿದ ಉದಾಹರಣೆ. ಆದರೆ ಆ ಮೂರು ದಿನಗಳ ವಿಳಂಬ ಯಾವ ಮನೆಯಲ್ಲಾದರೂ ಆಗಬಹುದು. ಬೆನ್ನೆಲುಬಿನ ಶಸ್ತ್ರಚಿಕಿತ್ಸೆ ಆದವರಿಗೆ ಸಣ್ಣ ಪೆಟ್ಟೂ ಸಣ್ಣದಲ್ಲ ಎಂಬುದೇ ಈ ವಾರದ ಪಾಠ.

ಏಕೆ ಹೀಗೆ?

ನಮ್ಮ ಕುತ್ತಿಗೆಯಲ್ಲಿ 7 ಮೂಳೆಗಳಿವೆ. ಅವುಗಳ ನಡುವಿನ ಮೆತ್ತನೆಯ ಬಿಲ್ಲೆಗಳಿಂದಾಗಿ ಕುತ್ತಿಗೆ ಬಾಗುತ್ತದೆ, ಹೊರಳುತ್ತದೆ, ಪೆಟ್ಟನ್ನೂ ಹಂಚಿಕೊಳ್ಳುತ್ತದೆ. ಮೂಳೆಗಳ ಒಳಗಿನ ಕೊಳವೆಯಲ್ಲಿ ಬೆನ್ನುಹುರಿ ಸಾಗುತ್ತದೆ. ಕೈಕಾಲುಗಳ ಶಕ್ತಿ, ಸ್ಪರ್ಶ, ಮಲಮೂತ್ರದ ಹಿಡಿತ ಎಲ್ಲವೂ ಅದನ್ನೇ ಅವಲಂಬಿಸಿವೆ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ನರ ಹೊರಡುವುದೂ ಕುತ್ತಿಗೆಯ ಭಾಗದಿಂದಲೇ.

ಬಿಲ್ಲೆ ಸವೆದು ನರ ಒತ್ತಿದಾಗ ಶಸ್ತ್ರವೈದ್ಯರು ಬಿಲ್ಲೆಯನ್ನು ತೆಗೆದು, ಎರಡು ಮೂರು ಮೂಳೆಗಳನ್ನು ಪಟ್ಟಿ ಮತ್ತು ತಿರುಪುಗಳಿಂದ ಒಂದಾಗಿ ಬೆಸೆಯುವುದುಂಟು. ಬೆಸೆದ ಭಾಗ ಬಾಗದು. ಬಿದ್ದಾಗ ಪೆಟ್ಟಿನ ಬಲವೆಲ್ಲ ಅದರ ಮೇಲಿನ ಅಥವಾ ಕೆಳಗಿನ ಕೀಲಿನ ಮೇಲೆ ಬೀಳುತ್ತದೆ. ಹಸಿ ಬಿದಿರು ಬಾಗುತ್ತದೆ, ಒಣಗಿದ ಕೋಲು ಮುರಿಯುತ್ತದೆಯಲ್ಲವೆ? ಇದೂ ಹಾಗೆಯೇ. ಇಡೀ ಬೆನ್ನೆಲುಬೇ ಬೆಸೆದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಸಂಧಿವಾತದವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ವಯಸ್ಸಾಗಿ ಮೂಳೆ ಟೊಳ್ಳಾಗಿದ್ದರಂತೂ ಬಚ್ಚಲಲ್ಲಿ ಜಾರಿದರೂ ಸಾಕು.

ಸೊಂಟದ ಆಪರೇಷನ್ ಮಾತ್ರ ಆದವರಿಗೆ ಕುತ್ತಿಗೆಯ ಮೂಳೆ ಈ ಕಾರಣದಿಂದ ದುರ್ಬಲವಾಗುವುದಿಲ್ಲ. ಆದರೆ ಕಾಲಿನಲ್ಲಿ ಹಳೆಯ ನಿಶ್ಶಕ್ತಿ ಉಳಿದಿದ್ದರೆ ಅದು ಹಳೆಯದೋ, ಹೊಸ ಪೆಟ್ಟಿನದೋ ಎಂದು ತಿಳಿಯುವುದು ಕಷ್ಟ. ಅದನ್ನು ವೈದ್ಯರಿಗೆ ಹೇಳಬೇಕಾದವರು ನೀವು.

ಬಿದ್ದ ಜಾಗದಲ್ಲಿ

ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ. ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ಬೇಡವೇ ಬೇಡ. 108ಕ್ಕೆ ಕರೆ ಮಾಡಿ. ನಮ್ಮ ರಾಜ್ಯದಲ್ಲಿ ಈ ಸೇವೆ 2008ರಿಂದ ಇದೆ. ಉಸಿರಾಟ ಸರಿಯಿದೆಯೇ, ರಕ್ತ ಸೋರುತ್ತಿದೆಯೇ ಎಂದು ಮೊದಲು ನೋಡಿ. ತಲೆಯನ್ನು ಎರಡೂ ಕೈಗಳಿಂದ ಅಲುಗದಂತೆ ಹಿಡಿಯಿರಿ. ಸುತ್ತಿದ ಟವೆಲನ್ನು ಎರಡೂ ಬದಿಗೆ ಇಟ್ಟರೂ ಆದೀತು. ಸರಿಸಲೇಬೇಕಾದರೆ ನಾಲ್ಕು ಜನ ಸೇರಿ, ತಲೆ, ಭುಜ, ಸೊಂಟಗಳನ್ನು ಒಂದೇ ನೇರದಲ್ಲಿ ಇಟ್ಟು, ಮರದ ದಿಮ್ಮಿಯನ್ನು ಉರುಳಿಸುವಂತೆ ಒಟ್ಟಿಗೆ ಹೊರಳಿಸಿ. ವಾಂತಿ ಬಂದರೂ ಹೀಗೆಯೇ ಇಡೀ ದೇಹವನ್ನು ಪಕ್ಕಕ್ಕೆ ತಿರುಗಿಸಬೇಕು. ಬಾಯಿಗೆ ನೀರು, ಚಹಾ ಬೇಡ.

ಒಂದು ಮುಖ್ಯ ಮಾತು. ಕೆಲವರ ಕುತ್ತಿಗೆ ಮೊದಲಿನಿಂದಲೂ ಮುಂದಕ್ಕೆ ಬಾಗಿ ಬಿಗಿದುಕೊಂಡಿರುತ್ತದೆ. ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ. ತಲೆಯ ಕೆಳಗೆ ಮಡಿಸಿದ ಬಟ್ಟೆ ಕೊಟ್ಟು, ಹಿಂದೆ ಹೇಗಿತ್ತೋ ಹಾಗೆಯೇ ಇರಲಿ. ಒತ್ತಿ ನೇರ ಮಾಡಿದರೆ ಬೆನ್ನುಹುರಿಯೇ ಜಜ್ಜಿಹೋದೀತು.

ಎಣ್ಣೆ ತಿಕ್ಕಿಸುವುದು, ಉಳುಕು ತೆಗೆಸುವುದು, ಕ್ಷೌರದಂಗಡಿಯಲ್ಲಿ ಕುತ್ತಿಗೆಯ ನೆಟಿಗೆ ಮುರಿಸುವುದು ಇವರಿಗೆ ಸಲ್ಲದು.

ಆಸ್ಪತ್ರೆಯಲ್ಲಿ

ಅಪಘಾತವಾದ ಎಲ್ಲರಿಗೂ ಕುತ್ತಿಗೆಯ ಎಕ್ಸ್-ರೇ ಬೇಕೇ ಎಂದು ನಿರ್ಧರಿಸಲು ವೈದ್ಯರಿಗೆ ಕೆಲವು ಸೂತ್ರಗಳಿವೆ. 2001ರಲ್ಲಿ ಪ್ರಕಟವಾದ ಕೆನಡಾದ ಸೂತ್ರ ಅವುಗಳಲ್ಲಿ ಹೆಸರಾದದ್ದು. ಆದರೆ ಹಿಂದೆ ಕುತ್ತಿಗೆಯ ಶಸ್ತ್ರಚಿಕಿತ್ಸೆ ಆದವರಿಗೆ ಆ ಸೂತ್ರ ಅನ್ವಯಿಸುವುದಿಲ್ಲ. ‘ಕುತ್ತಿಗೆ ತಿರುಗಿಸಬಲ್ಲರು, ಆದ್ದರಿಂದ ಚಿಂತೆಯಿಲ್ಲ’ ಎಂದು ಇವರನ್ನು ಮನೆಗೆ ಕಳುಹಿಸುವಂತಿಲ್ಲ. ಹಳೆಯ ಲೋಹದ ನೆರಳು, ಸವೆದ ಮೂಳೆಗಳ ನಡುವೆ ಸಣ್ಣ ಬಿರುಕು ಎಕ್ಸ್-ರೇಯಲ್ಲಿ ಕಾಣದೆ ಹೋಗಬಹುದು. ಇವರಿಗೆ ಸಿ.ಟಿ. ಸ್ಕ್ಯಾನ್ ಬೇಕು. ಬೆನ್ನುಹುರಿಯ ಸ್ಥಿತಿ, ಒಳಗಿನ ರಕ್ತದ ಹೆಪ್ಪು ತಿಳಿಯಲು ಎಂ.ಆರ್.ಐ. ನೆರವಾಗುತ್ತದೆ. ಟೈಟಾನಿಯಂ ತಿರುಪು ಇದ್ದವರಿಗೂ ಅದನ್ನು ಸಾಮಾನ್ಯವಾಗಿ ಮಾಡಬಹುದು.

ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ ಪಡೆದು, ಕುತ್ತಿಗೆಗೆ ಗಟ್ಟಿ ಪಟ್ಟಿ ಹಾಕಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಡುವುದು ಜಾಣತನ. ರಾಯಚೂರು, ಬಳ್ಳಾರಿ, ಹುಬ್ಬಳ್ಳಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹೊರಡುವ ಮುನ್ನ ಅಲ್ಲಿ ಬೆನ್ನುಮೂಳೆ ತಜ್ಞರು ಸಿಗುವರೇ ಎಂದು ವೈದ್ಯರಿಂದಲೇ ಫೋನ್ ಮಾಡಿಸಿ.

ಚಿಕಿತ್ಸೆ ಹೇಗೆ?

ಮೂಳೆ ಸರಿಯದೆ, ನರಕ್ಕೆ ಪೆಟ್ಟಾಗದೆ ಇದ್ದರೆ ಕೆಲವರಿಗೆ ಗಟ್ಟಿ ಪಟ್ಟಿಯೇ ಸಾಕು. ಸುಮಾರು 3 ತಿಂಗಳು ಹಾಕಬೇಕಾಗಬಹುದು. ಆದರೆ ಬೆಸೆದ ಕುತ್ತಿಗೆಯ ಪಕ್ಕದಲ್ಲಿ ಮುರಿದಾಗ ಎರಡೂ ಬದಿಯ ಉದ್ದ ಭಾಗಗಳು ಸನ್ನೆಗೋಲಿನಂತೆ ಆಡುತ್ತವೆ, ಮುರಿದ ಜಾಗ ನಿಲ್ಲುವುದಿಲ್ಲ. ಆಗ ಹಿಂದುಗಡೆಯಿಂದ ಮೇಲೆ ಕೆಳಗೆ ಹಲವು ಮೂಳೆಗಳನ್ನು ಸೇರಿಸಿ ಉದ್ದನೆಯ ಸರಳುಗಳನ್ನು ಕೂರಿಸಬೇಕಾಗುತ್ತದೆ. ಬೆನ್ನುಹುರಿ ಒತ್ತಿಕೊಂಡಿದ್ದರೆ, ರೋಗಿಯ ಸ್ಥಿತಿ ಅನುಮತಿಸಿದಲ್ಲಿ, 24 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಮಾಡುವುದು ಒಳ್ಳೆಯದೆಂಬುದು ಇಂದಿನ ಅಭಿಪ್ರಾಯ. ಮೂರು ದಿನ ಎಣ್ಣೆ ತಿಕ್ಕುತ್ತಾ ಕುಳಿತರೆ ಕಳೆದುಹೋಗುವುದು ಇದೇ ಅವಕಾಶ.

ಕುತ್ತಿಗೆಯ ಮುಂದಿನಿಂದ ಮತ್ತೆ ತೆರೆಯುವುದು ಮೊದಲಿನಷ್ಟು ಸುಲಭವಲ್ಲ. ಹಳೆಯ ಗಾಯದ ಕಲೆಯಲ್ಲಿ ಅನ್ನನಾಳ, ಧ್ವನಿಯ ನರ ಅಂಟಿಕೊಂಡಿರಬಹುದು. ಇನ್ನೊಂದು ಬದಿಯಿಂದ ಹೋಗುವ ಮೊದಲು ಎರಡೂ ಧ್ವನಿತಂತುಗಳು ಆಡುತ್ತಿವೆಯೇ ಎಂದು ಗಂಟಲು ತಜ್ಞರು ನೋಡುತ್ತಾರೆ. ಮೊದಲ ಆಪರೇಷನ್ ನಂತರ ದನಿ ಒಡೆದಿದ್ದರೆ, ನುಂಗಲು ಕಷ್ಟವಾಗಿದ್ದರೆ ಮರೆಯದೆ ಹೇಳಿ.

ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡೆಯುತ್ತವೆ. ಬಿಡಲೇಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ, ವೈದ್ಯರು ತೋರಿಸಿದ ರೀತಿಯಲ್ಲಿ, ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ.

ಒಂದು ಕಾಗದದ ಬೆಲೆ

ಆಪರೇಷನ್ ಆದವರು ಡಿಸ್ಚಾರ್ಜ್ ಚೀಟಿಯನ್ನು, ಹಳೆಯ ಎಕ್ಸ್-ರೇಗಳನ್ನು ಜಮೀನಿನ ಪಹಣಿಯಷ್ಟೇ ಜೋಪಾನವಾಗಿ ಇಡಿ. ಯಾವ ವರ್ಷ, ಎಷ್ಟನೆಯ ಮೂಳೆ, ಯಾವ ಲೋಹ, ಎಲ್ಲವೂ ಅದರಲ್ಲಿರುತ್ತದೆ. ಹಳೆಯ ಚಿತ್ರ ಕೈಯಲ್ಲಿದ್ದರೆ ಹೊಸ ಮುರಿತ ಯಾವುದೆಂದು ವೈದ್ಯರು ಬೇಗ ಗುರುತಿಸಬಲ್ಲರು. ಅದರ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ.

ಬಿದ್ದ ಮೇಲೆ ಹೊಸ ಕುತ್ತಿಗೆ ನೋವು, ಕೈಕಾಲು ಜೋಮು, ತಲೆ ಬಾಗಿಸಿದಾಗ ಬೆನ್ನಿನಲ್ಲಿ ಕರೆಂಟು ಹೊಡೆದಂತಾಗುವುದು, ಮೂತ್ರ ಕಟ್ಟುವುದು, ಉಸಿರು ಸಾಲದಾಗುವುದು, ಇವುಗಳಲ್ಲಿ ಒಂದಾದರೂ ಕಂಡರೆ ನಾಳೆಗೆ ತಳ್ಳಬೇಡಿ. ಏನೂ ಕಾಣದಿದ್ದರೂ, ಹಿಂದೆ ಕುತ್ತಿಗೆಯ ಆಪರೇಷನ್ ಆದವರು ಆ ದಿನವೇ ವೈದ್ಯರಿಗೆ ತೋರಿಸಿಕೊಳ್ಳಿ. ವೈದ್ಯರ ಮುಂದೆ ನಿಮ್ಮ ಮೊದಲ ಮಾತು ‘ನನಗೆ ಹಿಂದೆ ಕುತ್ತಿಗೆಯ ಆಪರೇಷನ್ ಆಗಿದೆ’ ಎಂಬುದೇ ಆಗಿರಲಿ.